ಬಲಮೂಲೆಯ ಮೊಹರು

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಟಪಾಲಮ್ಮ ತಾರೀಕಿನ ಮೊಹರನ್ನು ಕೈಗೆತ್ತಿಕೊಂಡರು. ಎಡಗೈ ಚೀಟಿ ಸರಿಸಿತು. ಬಲಗೈ ಮಸಿಯ ಪ್ಯಾಡಿಗೆ ಒಮ್ಮೆ, ಚೀಟಿಗೆ ಒಮ್ಮೆ ಇಳಿಯಿತು. ಪ್ಯಾಡು, ಚೀಟಿ, ಪ್ಯಾಡು, ಚೀಟಿ. ಹತ್ತು ಚೀಟಿ ಆಗುವಷ್ಟರಲ್ಲಿ ಕೈಗೆ ಹಳೆಯ ಲಯ ಸಿಕ್ಕಿತು. ಇಪ್ಪತ್ತಾಗುವಷ್ಟರಲ್ಲಿ ಅವರು ಕಿಟಕಿಯಾಚೆ ನೋಡುತ್ತಾ ಹೊಡೆಯುತ್ತಿದ್ದರು. ಎದುರು ಮನೆಯ ಮಹಡಿಯಲ್ಲಿ ಹೆಂಗಸೊಬ್ಬಳು ಹೊದಿಕೆ ಕೊಡವುತ್ತಿದ್ದಳು. ಚೀಟಿಯ ಕಡೆ ನೋಡುವ ಅಗತ್ಯವೇ ಇರಲಿಲ್ಲ. ಅಂಚೆ ಕಾರ್ಡಿನಷ್ಟೇ ಅಗಲ, ಅಷ್ಟೇ ದಪ್ಪ. ಮೊಹರು ಎಲ್ಲಿ ಬೀಳಬೇಕೆಂದು ಕೈಗೇ ಗೊತ್ತಿತ್ತು: ಮೇಲುಗಡೆ, ಬಲಮೂಲೆ.

ಹತ್ತೂ ಮೂವತ್ತೈದಕ್ಕೆ ನಾನೂರ ಹನ್ನೆರಡು ಚೀಟಿಗಳೂ ಮುಗಿದಿದ್ದವು. ಅವರು ಕಟ್ಟನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿ, ಅಂಚು ಸರಿಮಾಡಿ, ಉಫ್ ಎಂದು ಊದಿ, ಪೆಟ್ಟಿಗೆಯಲ್ಲಿಟ್ಟರು. ಹೊಸ ಕೆಲಸಕ್ಕೆ ಸೇರಿ ಹದಿನೆಂಟು ದಿನವಾಗಿತ್ತು. ಮೊದಲ ಬಾರಿಗೆ, ತಾನು ಇಲ್ಲಿ ಉಪಯೋಗಕ್ಕೆ ಬಂದೆ ಅನ್ನಿಸಿತು.

ಅಷ್ಟರಲ್ಲಿ ಡಾಕ್ಟ್ರು ಬಂದರು. ಡಾಕ್ಟ್ರು ಅಂದರೆ ವೈದ್ಯರಲ್ಲ. ಭಾಷಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೂವತ್ತನಾಲ್ಕರ ಹೆಂಗಸು. ಕೆಳಗಿನ ಬೀಗ ರಿಪೇರಿ ಅಂಗಡಿಯವನು ಮಾತ್ರ ಇದನ್ನು ಇನ್ನೂ ನಂಬಿರಲಿಲ್ಲ. ವಾರಕ್ಕೊಮ್ಮೆ ತನ್ನ ಮೊಣಕಾಲು ನೋವು ಹೊತ್ತುಕೊಂಡು ಮೇಲೆ ಹತ್ತಿ ಬರುತ್ತಿದ್ದ. ಡಾಕ್ಟ್ರು ಚೀಲ ಕೆಳಗಿಟ್ಟು, ಪೆಟ್ಟಿಗೆಯಿಂದ ಒಂದು ಚೀಟಿ ತೆಗೆದರು. ಇನ್ನೊಂದು ತೆಗೆದರು. ಆಮೇಲೆ ಒಂದು ಹಿಡಿ ಎತ್ತಿದರು.

"ಅಮ್ಮಾ, ಏನಿದು?"

"ತಾರೀಕು. ಎಲ್ಲಾ ಚೀಟಿಗೂ ತಾರೀಕು ಹೊಡೀರಿ ಅಂತ ಶುಕ್ರವಾರ ಮೇಷ್ಟ್ರು ಹೇಳಿದ್ರಲ್ಲ."

"ಹಿಂದೆ! ಚೀಟಿ ಹಿಂದೆ ಹೊಡೀಬೇಕಿತ್ತು!"

"ಹಿಂದೆ ಅಂತ ಅವರು ಹೇಳ್ಲಿಲ್ಲ."

"ಹೇಳ್ಬೇಕಾ? ಬರೆದಿರೋದರ ಮೇಲೇ ಮೊಹರು ಹೊಡೆಯೋರು ಪ್ರಪಂಚದಲ್ಲಿ ಯಾರಾದ್ರೂ ಇದಾರಾ?"

ಟಪಾಲಮ್ಮ ಪ್ರಾಮಾಣಿಕವಾಗಿ ಯೋಚಿಸಿದರು. "ಅಂಚೆ ಇಲಾಖೆ ಇದೆಯಲ್ಲ," ಅಂದರು.

ಬೀಗದಂಗಡಿಯ ಮೇಲಿನ ಆ ಎರಡು ಕೋಣೆಗಳಲ್ಲಿ ಇಂಗ್ಲಿಷಿನಿಂದ ನಮ್ಮ ಭಾಷೆಗೆ ಒಂದು ದೊಡ್ಡ ನಿಘಂಟು ತಯಾರಾಗುತ್ತಿತ್ತು. ಒಂದೊಂದು ಅಕ್ಷರಕ್ಕೆ ಒಂದೊಂದು ಸಂಪುಟ. ಮೂವತ್ತು ವರ್ಷದಿಂದ ನಡೆಯುತ್ತಿದ್ದ ಕೆಲಸ ಈಗ 'ಆರ್' ಅಕ್ಷರಕ್ಕೆ ಬಂದು ನಿಂತಿತ್ತು. ಒಂದೊಂದು ಪದಕ್ಕೂ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಚೀಟಿಗಳು, ಒಂದೊಂದು ಚೀಟಿಯ ನಡುವೆ ಆ ಪದ ಬಳಸಿದ ಒಂದು ಇಂಗ್ಲಿಷ್ ವಾಕ್ಯ. ಆ ವಾಕ್ಯದಲ್ಲಿ ಪದಕ್ಕೆ ನಮ್ಮಲ್ಲಿ ಏನನ್ನುತ್ತಾರೆ ಎಂಬುದನ್ನು ಸಂಪಾದಕರು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಬರೆಯುತ್ತಿದ್ದುದು ಬಲಮೂಲೆಯಲ್ಲಿ.

ಉಳಿದೆಲ್ಲ ಪೆಟ್ಟಿಗೆಗಳು ಕಂಪ್ಯೂಟರಿಗೆ ಏರಿದ್ದವು. ಏರದೆ ಉಳಿದದ್ದು ಒಂದೇ: 'ರನ್' ಎಂಬ ಕ್ರಿಯಾಪದದ ಪೆಟ್ಟಿಗೆ. ಓಡು ಎಂಬ ಅರ್ಥ ಶಾಲೆಯ ಮಕ್ಕಳಿಗೂ ಗೊತ್ತು. ಅದನ್ನು ಬಿಟ್ಟು ಇನ್ನೆಷ್ಟು ಅರ್ಥ ಇವೆ ಎಂದು ಇಡೀ ಕಚೇರಿಯಲ್ಲಿ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಮೇಷ್ಟ್ರು ಏಳು ತಿಂಗಳು ಕೂತು ಬರೆದಿದ್ದ ಪೆನ್ಸಿಲ್ ಅರ್ಥಗಳು ಆ ಪೆಟ್ಟಿಗೆಯಲ್ಲಿದ್ದವು. ಈಗ ನಾನೂರ ಹನ್ನೆರಡು ಕಪ್ಪು ವೃತ್ತಗಳಿದ್ದವು.

ಮೇಷ್ಟ್ರು ಹನ್ನೊಂದಕ್ಕೆ ಬಂದರು. ಎಪ್ಪತ್ತಾರರ ಪ್ರಧಾನ ಸಂಪಾದಕರು, ಹಿಂದೆ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ನೋಡಿದರು.

"ಎಲ್ಲಾನೂ?"

"ಎಲ್ಲಾನೂ ಮೇಷ್ಟ್ರೇ. ಒಂದೂ ಬಿಟ್ಟಿಲ್ಲ," ಅಂದ ಟಪಾಲಮ್ಮ ನಾಲಿಗೆ ಕಚ್ಚಿಕೊಂಡರು.

ಮೇಷ್ಟ್ರು ಬೈಯುವವರಲ್ಲ. ಪೆಟ್ಟಿಗೆ ಎತ್ತಿಕೊಂಡು ಒಳಕೋಣೆಗೆ ಹೋದರು, ಹಿಂದೆಯೇ ಡಾಕ್ಟ್ರೂ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲು ಮುಚ್ಚಿದ್ದರೂ ಡಾಕ್ಟ್ರ ದನಿ ಕೇಳುತ್ತಿತ್ತು: "ಮುಂದಿನ ವಾರ ಶುಕ್ರವಾರ ನಾಲ್ಕು ಗಂಟೆಗೆ ಅಚ್ಚುಕೂಟದೋರು ಬರ್ತಾರೆ. ತಪ್ಪಿದ್ರೆ ಇನ್ನು ನಾಲ್ಕು ತಿಂಗಳು ಅವರ ಯಂತ್ರ ಖಾಲಿ ಇಲ್ಲ. ರನ್ ಮುಂದೆ 'ಓಡು' ಅಂತ ಒಂದೇ ಪದ ಹಾಕಿ ಕಳಿಸೋದಾ? ಮೂವತ್ತು ವರ್ಷದ ನಿಘಂಟಿನಲ್ಲಿ? ಅವರನ್ನ ಮನೆಗೆ ಕಳಿಸಿ ಮೇಷ್ಟ್ರೇ. ಒಳ್ಳೇವರೇ. ಆದ್ರೆ ಈ ಕೆಲಸ ಅವರದಲ್ಲ."

ಟಪಾಲಮ್ಮ ಬಾಗಿಲು ತಳ್ಳಿ ಒಳಗೆ ಹೋದರು.

"ಮೇಷ್ಟ್ರೇ, ನಮ್ಮ ಆಫೀಸಿನಲ್ಲಿ ಒಂದು ನಿಯಮ ಇತ್ತು. ಕಾಗದ ತಪ್ಪು ಊರಿಗೆ ಹೋದ್ರೆ, ತಪ್ಪಿಸಿದೋರೇ ಹುಡುಕಿ ತಲುಪಿಸ್ಬೇಕು. ಒಂದು ತಿಂಗಳು ನೋಡೋಣ ಅಂತ ನನ್ನ ಇಟ್ಕೊಂಡ್ರಲ್ಲ, ಅದು ಮುಗಿಯೋದೂ ಆ ಶುಕ್ರವಾರವೇ. ಅಲ್ಲೀ ತನಕ ಬಿಡಿ. ಪೆಟ್ಟಿಗೇಲಿ ಅರ್ಥ ಬರೀದ ಒಂದೇ ಒಂದು ಚೀಟಿ ಉಳಿದ್ರೂ ಸೋಮವಾರ ನಾನು ಬರಲ್ಲ. ನೀವು ಹೇಳೋದೇ ಬೇಡ."

ಮೇಷ್ಟ್ರು ಡಾಕ್ಟ್ರನ್ನು ನೋಡಿದರು. ಡಾಕ್ಟ್ರು ಸೂರನ್ನು ನೋಡಿದರು. ಬೇರೆ ದಾರಿಯಿದ್ದಿದ್ದರೆ ಇಬ್ಬರೂ ಅದನ್ನೇ ಹಿಡಿಯುತ್ತಿದ್ದರು.

ಆ ಕಿಟಕಿ ಪಕ್ಕದ ಕುರ್ಚಿ ಟಪಾಲಮ್ಮನವರಿಗೆ ಬೇಕೇ ಬೇಕಿತ್ತು. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿದ್ದವರು ಅವರು. ಮೊದಲ ಎಂಟು ವರ್ಷ ಮೊಹರಿನ ಮೇಜು, ಆಮೇಲೆ ಇಪ್ಪತ್ಮೂರು ವರ್ಷ ಕಾಗದ ವಿಂಗಡಿಸುವ ಗೂಡುಗಳ ಮುಂದೆ. ನಿಮಿಷಕ್ಕೆ ನಲವತ್ತು ಕಾಗದ. ನಿವೃತ್ತಿಯಾಗಿ ಮನೆಗೆ ಬಂದ ಮೇಲೆ ವಿಂಗಡಿಸಲು ಅಡುಗೆಮನೆಯ ಡಬ್ಬಿಗಳಷ್ಟೇ ಉಳಿದವು. ಐದು ತಿಂಗಳಲ್ಲಿ ಅವುಗಳ ಜಾಗ ಮೂರು ಸಲ ಬದಲಾಯಿತು. ಗಂಡ, ನಗರ ಸಾರಿಗೆಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು, ಒಂದು ಬೆಳಿಗ್ಗೆ ಉಪ್ಪು ಹುಡುಕಿ ಹುಡುಕಿ ಸುಸ್ತಾಗಿ, ಪತ್ರಿಕೆಯಲ್ಲಿದ್ದ ಜಾಹೀರಾತನ್ನು ಕತ್ತರಿಸಿ ಹೆಂಡತಿಯ ತಟ್ಟೆಯ ಪಕ್ಕ ಇಟ್ಟರು. 'ಚೀಟಿ ಜೋಡಿಸಲು ಅನುಭವಸ್ಥರು ಬೇಕಾಗಿದ್ದಾರೆ.'

"ನೀನು ಹೋಗ್ತೀಯೋ, ನಾನು ಮನೆ ಬಿಟ್ಟು ಹೋಗ್ಲೋ?" ಎಂದು ಕೇಳಿದರು.

ಟಪಾಲಮ್ಮ ಹೋದರು. ಹೆಸರು ಹಿಡಿದು ಕರೆಯುವವರು ಅಲ್ಲೂ ಯಾರಿರಲಿಲ್ಲ. ಅಂಚೆ ಕಚೇರಿಯ ಅಡ್ಡಹೆಸರು ಅವರಿಗಿಂತ ಮೊದಲೇ ಮೆಟ್ಟಿಲು ಹತ್ತಿತ್ತು. ಇಂಗ್ಲಿಷ್ ಅಕ್ಷರ ಅವರಿಗೆ ನೀರು ಕುಡಿದಷ್ಟು ಸುಲಭ. ಬೀದಿ, ಅಡ್ಡರಸ್ತೆ, ಊರು, ಮನುಷ್ಯರ ಹೆಸರು, ಎಂಥ ಕೆಟ್ಟ ಕೈಬರಹದಲ್ಲಿದ್ದರೂ ಓದುತ್ತಿದ್ದರು. ಅವರಿಗೆ ಬರದಿದ್ದುದು ಕ್ರಿಯಾಪದ. ವಿಳಾಸಗಳಲ್ಲಿ ಕ್ರಿಯಾಪದ ಇರುವುದಿಲ್ಲ.

ಮೊದಲ ಎರಡು ದಿನ ಡಾಕ್ಟ್ರು ತಮ್ಮ ವಿದ್ಯೆಯಿಂದಲೇ ಗೆಲ್ಲಲು ನೋಡಿದರು. ಸಕರ್ಮಕ, ಅಕರ್ಮಕ, ರೂಪಕ ಎಂದು ಮೇಜಿನ ಮೇಲೆ ಮೂರು ರಾಶಿ ಮಾಡಿದರು. ಮಂಗಳವಾರ ಸಂಜೆಯ ಹೊತ್ತಿಗೆ ಮೂರನೆಯ ರಾಶಿ ಬೆಟ್ಟವಾಗಿ ಜಾರಿ ಮೊದಲೆರಡರ ಮೇಲೆ ಬಿತ್ತು. ಅರ್ಥ ಬರೆದು ಮುಗಿದದ್ದು ಹತ್ತೊಂಬತ್ತು ಚೀಟಿ.

ಬುಧವಾರ ಟಪಾಲಮ್ಮ ಎದುರು ಬಂದು ಕೂತರು.

"ನೀವು ಒಂದೊಂದೇ ಓದಿ ಡಾಕ್ಟ್ರೇ. ಇಂಗ್ಲಿಷ್ ಬೇಡ. ಅಲ್ಲಿ ಏನು ನಡೀತಿದೆ ಅಂತ ಹೇಳಿ ಸಾಕು."

"ಒಂದು ಮಗು ನಿಂತಿದೆ. ಶೀತ ಆಗಿದೆ. ಮೂಗಿಂದ ನೀರು ಬರ್ತಾ ಇದೆ."

"ಹ್ಞಾಂ. ಇದು ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಹೋಗ್ಬೇಕಾಗಿಲ್ಲ ಅಮ್ಮಾ. ಇದಕ್ಕೆ ಅರ್ಥ ಬೇಕು."

"ಅರ್ಥ ಆಮೇಲೆ. ಈ ಮಾತು ಯಾರ ಬಾಯಲ್ಲಿ ದಿನಾ ಇರತ್ತೆ? ಅವರ ವಿಳಾಸ ಹೇಳಿ."

ಡಾಕ್ಟ್ರು ಹಣೆ ಒತ್ತಿಕೊಂಡರು. "ಆಸ್ಪತ್ರೆ ನರ್ಸು ಇರಬಹುದು."

"ಹಾಗಾದ್ರೆ ಆಸ್ಪತ್ರೆಗೆ ಒಂದು ಗೂಡು ಬೇಕು."

ಗೂಡು ಕೊಟ್ಟವನು ಬೀಗದಂಗಡಿಯವನು. ಮುಚ್ಚಿಹೋದ ಹೋಟೆಲೊಂದರಿಂದ ಕೊಂಡು ತಂದಿದ್ದ, ಕೀಲಿಕೈ ಇಡುವ ಮರದ ಗೂಡು. ನಲವತ್ತೆಂಟು ಖಾನೆ, ಒಂದೊಂದರ ಮೇಲೂ ಹಿತ್ತಾಳೆಯ ರೂಮ್ ನಂಬರು. ಮೊಣಕಾಲು ನೋವಿನ ನಡುವೆಯೇ ಅದನ್ನು ಮೇಲೆ ಹೊತ್ತು ತಂದು, ಡಾಕ್ಟ್ರಿಗೆ ಆ ಕಷ್ಟ ಕಾಣುವ ಹಾಗೆ ಕುಂಟಿಕೊಂಡು ಇಳಿದು ಹೋದ.

ಗುರುವಾರ ಸಂಜೆಗೆ ಪೆಟ್ಟಿಗೆ ಖಾಲಿಯಾಯಿತು. ಮೂಗು, ಜ್ವರ, ರಕ್ತ ನೂರಾ ಏಳನೇ ರೂಮಿಗೆ ಹೋದವು. ನಲ್ಲಿ, ಹೊಳೆ, ಚರಂಡಿ ನೂರಾ ಎಂಟಕ್ಕೆ. ಬಸ್ಸು, ಯಂತ್ರ, ಗಡಿಯಾರ ಒಂದು ಕಡೆ. ಅಂಗಡಿ, ಕಾರ್ಖಾನೆ, ಸಂಸ್ಥೆ ಇನ್ನೊಂದು ಕಡೆ. ಬಟ್ಟೆಯ ಬಣ್ಣಕ್ಕೆ ಒಂದು ಗೂಡು, ಗೋಡೆಯ ಬಣ್ಣಕ್ಕೆ ಇನ್ನೊಂದು. "ಎರಡೂ ಬಣ್ಣವೇ ಅಲ್ವಾ?" ಎಂದು ಡಾಕ್ಟ್ರು ತಗಾದೆ ತೆಗೆದರು. "ಒಂದೇ ಬೀದಿ ಇರಬಹುದು, ಮನೆ ಬೇರೆ," ಎಂದು ಟಪಾಲಮ್ಮ ಬಿಟ್ಟುಕೊಡಲಿಲ್ಲ. ಎಲ್ಲಿಗೂ ಸೇರದ ಒಂಬತ್ತು ಚೀಟಿ ಕೊನೆಯ ಗೂಡಿಗೆ, ನೂರಾ ನಲವತ್ತೆಂಟಕ್ಕೆ ಹೋದವು. ಅದರ ಮೇಲೆ ಅವರು ಹಳೆಯ ಅಭ್ಯಾಸದಂತೆ ಬರೆದರು: 'ವಿಳಾಸ ಸಾಲದು.'

ಮರುದಿನದಿಂದ ಬಟವಾಡೆ ಶುರುವಾಯಿತು. ಟಪಾಲಮ್ಮ ಹೆಗಲ ಚೀಲದಲ್ಲಿ ಒಂದೊಂದು ಗೂಡಿನ ಕಟ್ಟು ಹಾಕಿಕೊಂಡು ಹೊರಟರು. ಹಿಂದೆ ಡಾಕ್ಟ್ರು. ಮಹಡಿ ಕೋಣೆಯ ಹೊರಗೆ ಭಾಷೆ ಇರುವುದನ್ನು ಅವರು ಪುಸ್ತಕಗಳಲ್ಲಿ ಓದಿದ್ದರು.

ಮೊದಲ ಮನೆ, ಅಕ್ಕನ ಲಾಂಡ್ರಿ. ಎರಡು ಯಂತ್ರ, ಒಂದು ಉದ್ದ ಮೇಜು, ಆವಿಯಿಂದ ಬೆವರಿದ ಗಾಜು. ಟಪಾಲಮ್ಮನ ಅಕ್ಕ ಅರವತ್ತೈದರಲ್ಲೂ ಒಂದು ಕೈಯಲ್ಲಿ ಇಸ್ತ್ರಿ ಹಿಡಿದು ಇನ್ನೊಂದು ಕೈಯಲ್ಲಿ ಗಿರಾಕಿಗಳನ್ನು ಸಂಭಾಳಿಸುತ್ತಿದ್ದರು.

"ಅಕ್ಕಾ, ಕೆಂಪು ಅಂಗಿ ಜತೆ ಬಿಳೀದು ನೆನೆಸಿದ್ರೆ ಕೆಂಪು ಏನು ಮಾಡತ್ತೆ? ಇಂಗ್ಲಿಷಲ್ಲಿ ಓಡತ್ತಂತೆ."

"ಓಡಕ್ಕೆ ಬಣ್ಣಕ್ಕೇನು ಕಾಲಿದ್ಯಾ? ಬಣ್ಣ ಬಿಡತ್ತೆ ಕಣೇ. ಮೂವತ್ತು ವರ್ಷದಿಂದ ಬೈಸ್ಕೊಂಡಿರೋದೇ ಆ ಒಂದು ಮಾತಿಗೆ. ನಿನ್ನೆ ಒಬ್ಬ ಬಂದಿದ್ದ, ಕೊಟ್ಟಿದ್ದು ಬಿಳಿ ಅಂಗಿ, ಈಗ ಗುಲಾಬಿ ಆಗಿದೆ ಅಂತಾನೆ. ನಿಮಗೆ ಒಪ್ಪತ್ತೆ, ಹಾಕ್ಕೊಂಡು ನೋಡಿ ಅಂದೆ. ಹಾಕ್ಕೊಂಡು ಹೋದ."

ಡಾಕ್ಟ್ರು ಬರೆದುಕೊಂಡರು: ಬಣ್ಣ ಬಿಡು. "ಇಸ್ತ್ರಿ ಪೆಟ್ಟಿಗೇನ ಬಟ್ಟೆ ಮೇಲೆ..." ಎಂದು ಕೇಳಲು ಹೊರಟವರು ಅಕ್ಕನ ಕೈ ನೋಡಿ ನಿಂತರು.

"ಆಡಿಸೋದು," ಅಂದರು ಅಕ್ಕ, ಆಡಿಸುತ್ತಾ. "ಡಾಕ್ಟ್ರಾಗಿ ಇಷ್ಟೂ ಗೊತ್ತಿಲ್ವಾ? ಅಂದ ಹಾಗೆ, ಬೆಳಿಗ್ಗೆ ಎದ್ರೆ ಸೊಂಟ ಹಿಡ್ಕೊಳ್ಳತ್ತೆ, ಅದಕ್ಕೇನಾದ್ರೂ ಬರ್ಕೊಡಿ."

ಹೊಸ ಕಟ್ಟಡವೊಂದರ ಮುಂದೆ ಏಣಿಯ ಮೇಲಿದ್ದ ಪೇಂಟರನ್ನು ಕೂಗಿ ಕೇಳಿದರು. "ದಪ್ಪ ಬಳಿದ್ರೆ ಇಳಿಯತ್ತೆ ಅಮ್ಮಾ," ಎಂದು ಅವನು ಬ್ರಷ್ಷಿನಿಂದ ತೋರಿಸಿದ. "ನೋಡಿ, ಅಲ್ಲೊಂದು ಇಳಿದಿದೆ. ಮಾಲೀಕರಿಗೆ ಹೇಳ್ಬೇಡಿ." ಆಸ್ಪತ್ರೆಯಲ್ಲಿ ರೋಗಿಯ ಚೀಟಿ ಪಡೆಯದೆ ನರ್ಸನ್ನು ನೋಡುವಂತಿರಲಿಲ್ಲ. ಚೀಟಿ ಪಡೆದದ್ದರಿಂದ ಬಾಯಿಗೆ ಥರ್ಮಾಮೀಟರು ಬಿತ್ತು. ಅದು ಬಾಯಲ್ಲಿದ್ದಾಗಲೇ ಟಪಾಲಮ್ಮ ತಮ್ಮ ಮೂಗು ತೋರಿಸಿ ಸನ್ನೆಯಲ್ಲಿ ಕೇಳಿದರು. "ಮೂಗು ಸುರೀತಿದ್ಯಾ? ಎಷ್ಟು ದಿನದಿಂದ?" ಅಂದರು ನರ್ಸು. ಉತ್ತರ ಸಿಕ್ಕಿತು. ಜತೆಗೆ ಮೂರು ದಿನದ ಮಾತ್ರೆಯೂ ಸಿಕ್ಕಿತು.

ಮನೆಯಲ್ಲಿ ಗಂಡನನ್ನು ಕೇಳಿದರು. ಯಜಮಾನರು ಪತ್ರಿಕೆಯಿಂದ ತಲೆಯೆತ್ತದೆ ಹೇಳಿದರು: "ಬಸ್ಸು ಓಡ್ಸೋನು ನಾನು, ಸಂಸ್ಥೆ ನಡೆಸೋರು ದೊಡ್ಡೋರು, ರಸ್ತೆ ಹೋಗೋದು ಹೊಳೆ ಪಕ್ಕದಲ್ಲಿ." ಒಂದೇ ಉಸಿರಿನಲ್ಲಿ ಮೂರು ಗೂಡು ಖಾಲಿ. ಟಪಾಲಮ್ಮ ಅವರಿಗೆ ಆ ದಿನ ಉಪ್ಪಿನ ಡಬ್ಬಿಯ ಜಾಗ ತೋರಿಸಿಕೊಟ್ಟರು.

ಚುನಾವಣೆಯ ಚೀಟಿಗಳಿಗಾಗಿ ಎಲ್ಲಿಗೂ ಹೋಗಬೇಕಾಗಲಿಲ್ಲ. ಬೀಗದಂಗಡಿಯವನು ಮೊಣಕಾಲಿನ ನೆಪದಲ್ಲಿ ಮೇಲೆಯೇ ಕೂತಿದ್ದ.

"ಇಂಗ್ಲಿಷಿನೋರು ಚುನಾವಣೆಗೆ ಓಡ್ತಾರಂತೆ," ಅಂದರು ಡಾಕ್ಟ್ರು.

"ನಮ್ಮೋರು ನಿಲ್ತಾರೆ," ಅಂದ ಅವನು. "ಗೆದ್ದ ಮೇಲೆ ಓಡ್ತಾರೆ. ಹಿಡಿಯಕ್ಕೇ ಸಿಗಲ್ಲ."

ಡಾಕ್ಟ್ರು ನಕ್ಕದ್ದನ್ನು ಟಪಾಲಮ್ಮ ಅವತ್ತೇ ಮೊದಲು ನೋಡಿದ್ದು. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಸ್ವಲ್ಪ ಓರೆಯಾಗಿತ್ತು. ಅದನ್ನು ಮುಚ್ಚಿಕೊಳ್ಳಲೆಂದೇ ಇಷ್ಟು ದಿನ ಬಿಗುವಾಗಿದ್ದರೇನೋ ಅನ್ನಿಸಿತು.

ಎರಡನೇ ವಾರದ ಬುಧವಾರದ ಹೊತ್ತಿಗೆ ಇಬ್ಬರ ನಡುವಿನ ಮಾತಿನ ಧಾಟಿ ಬದಲಾಗಿತ್ತು. ಬೆಳಿಗ್ಗೆ ಬಂದವರೇ ಡಾಕ್ಟ್ರು "ಇವತ್ತು ಯಾವ ಬೀಟು, ಯಾವ ಬೀದಿ?" ಎಂದು ಕೇಳುತ್ತಿದ್ದರು. ಚಪ್ಪಲಿ ಬದಲು ಬೂಟು ಹಾಕಿಕೊಂಡು ಬರುತ್ತಿದ್ದರು. ದಾಸ್ತಾನು ತೀರುವುದನ್ನು ದಿನಸಿ ಅಂಗಡಿಯವನು ಹೇಳಿಕೊಟ್ಟ. ಪುಟದ ಮೇಲೆ ಕಣ್ಣಾಡಿಸುವುದನ್ನು ಮೇಷ್ಟ್ರೇ ಕೊಟ್ಟರು. ಚಿತ್ರಮಂದಿರದ ಗೇಟಿನವನು "ನಮ್ಮಲ್ಲೂ ಸಿನಿಮಾ ಓಡೋದೇ ಅಮ್ಮಾ, ಇದೊಂದು ಮಾತ್ರ ಎರಡನೇ ದಿನವೇ ಕುಂಟ್ತಾ ಇದೆ," ಎಂದು ಗೋಡೆಯ ಪೋಸ್ಟರು ತೋರಿಸಿದ. ಹಿತ್ತಾಳೆ ನಂಬರುಗಳ ಕೆಳಗೆ ಖಾನೆಗಳು ಒಂದೊಂದಾಗಿ ಖಾಲಿಯಾದವು. ಮುಗಿದ ಚೀಟಿಯ ಎಡಮೂಲೆಯಲ್ಲಿ ಡಾಕ್ಟ್ರು ಹೊಸ ಅರ್ಥವನ್ನು ಶಾಯಿಯಲ್ಲಿ ಬರೆಯುತ್ತಿದ್ದರು.

ಉಳಿದದ್ದು 'ವಿಳಾಸ ಸಾಲದು.' ಒಂಬತ್ತರಲ್ಲಿ ಐದನ್ನು ಬುಧವಾರ ಮೇಷ್ಟ್ರೂ ಸೇರಿ ಮೂವರು ಕೂತು ಬಿಡಿಸಿದರು. ದಾರಿಯಲ್ಲಿ ಹಳೆಯ ಗೆಳೆಯ ಎದುರಾದ, ಯೋಚನೆಯೊಂದು ತಲೆಯಲ್ಲಿ ಹಾದುಹೋಯಿತು, ಇಂಥವು. ಗುರುವಾರ ಎರಡು ಹೋದವು. ಗುರುವಾರ ಸಂಜೆ ಟಪಾಲಮ್ಮ ಉಳಿದೆರಡನ್ನು ಚೀಲದಲ್ಲಿಟ್ಟುಕೊಂಡು ಅಕ್ಕನ ಲಾಂಡ್ರಿಗೆ ಹೋದರು. ಕೇಳಲು ಅಲ್ಲ. ನಾಳೆ ಬಿಟ್ಟು ನಾಡಿದ್ದಿನಿಂದ ಮತ್ತೆ ಮನೆಯಲ್ಲಿರಬೇಕಾದರೆ ಏನು ಮಾಡುವುದು ಎಂದು ಅಕ್ಕನ ಮುಂದೆ ಕೂತು ಯೋಚಿಸಲು.

"ಇಲ್ಲಿಗೇ ಬಾ. ಬಟ್ಟೆ ವಿಂಗಡಿಸು," ಅಂದರು ಅಕ್ಕ.

"ಬಟ್ಟೇಲಿ ಓದಕ್ಕೇನಿರತ್ತೆ?"

"ಜೇಬು ನೋಡು. ಕಾಗದ ಪತ್ರ ಎಲ್ಲಾ ಇರತ್ತೆ."

ಟಪಾಲಮ್ಮ ನಗಲಿಲ್ಲ. ಸುಮ್ಮನೆ ಕೂರಲಾರದೆ, ಮಡಿಸಿದ ಕರವಸ್ತ್ರಗಳ ಕಟ್ಟನ್ನು ಎತ್ತಿ, ಮೇಜಿಗೆ ಎರಡು ಸಲ ಕುಟ್ಟಿ, ಉಫ್ ಎಂದು ಊದಿ ಪಕ್ಕಕ್ಕಿಟ್ಟರು. ಅದೇ ಹೊತ್ತಿಗೆ ಮೇಜಿನ ಇನ್ನೊಂದು ತುದಿಯಲ್ಲಿ ಅಕ್ಕ ದಿಂಬಿನ ಚೀಲಗಳ ಕಟ್ಟನ್ನು ಎರಡು ಸಲ ಕುಟ್ಟಿ ಉಫ್ ಎಂದು ಊದಿದರು. ಬಟ್ಟೆಗೆ ಕಾಯುತ್ತಿದ್ದ ಗಿರಾಕಿ ಹೆಂಗಸು ಜೋರಾಗಿ ನಕ್ಕಳು.

"ಇಬ್ಬರೂ ಒಂದೇ ಥರ ಊದ್ತೀರಲ್ಲ!"

"ನಮ್ಮಮ್ಮನೂ ಹೀಗೇ ಊದೋಳು. ಧೂಳಿದ್ರೂ ಊದೋಳು, ಇಲ್ದಿದ್ರೂ ಊದೋಳು," ಅಂದರು ಅಕ್ಕ. "ನಮ್ಮ ವಂಶದಲ್ಲೇ ಬಂದಿದೆ ತಾಯೀ, ಬಿಡು ಅಂದ್ರೆ ಬಿಡಲ್ಲ."

ಟಪಾಲಮ್ಮ ಚೀಲದಿಂದ ಒಂದು ಚೀಟಿ ತೆಗೆದರು. ಒಂದು ಗುಣ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದೂ 'ರನ್.' ಎರಡು ದಿನದಿಂದ ಅದಕ್ಕೆ ಮನೆ ಸಿಕ್ಕಿರಲಿಲ್ಲ. ಅವರು ಅಕ್ಕನ ಕೆನ್ನೆ ಹಿಂಡಿ, ಬಾಗಿಲಿನತ್ತ ನಡೆದರು.

"ಏನೇ ಆಯ್ತು? ಚಹಾ ಕುಡಿದಾದ್ರೂ ಹೋಗೇ!"

ಶುಕ್ರವಾರ ಬೆಳಿಗ್ಗೆ ಒಂದು ಚೀಟಿ ಉಳಿದಿತ್ತು. ಹನ್ನೆರಡಾದರೂ ಉಳಿದೇ ಇತ್ತು. ನಲವತ್ತೆಂಟು ಖಾನೆಗಳಲ್ಲಿ ನಲವತ್ತೇಳು ಖಾಲಿ. ಡಾಕ್ಟ್ರು ಅದನ್ನು ಆರನೇ ಸಲ ಓದಿದರು.

"ಗಾದೆ ಇದು ಅಮ್ಮಾ. ಪದಕ್ಕೆ ಪದ ಇಟ್ರೆ, ನಿಂತ ನೀರು ಆಳವಾಗಿ ಓಡತ್ತೆ ಅಂತ."

"ನಿಂತಿದ್ದು ಹೇಗೆ ಓಡತ್ತೆ?"

"ಅದೇ ನನಗೂ ಗೊತ್ತಾಗ್ತಿಲ್ಲ."

"ನೀರಿನ ಮಾತು ಅಂತ ನಲ್ಲಿ ರಿಪೇರಿಯವನನ್ನ ಕೇಳಿದ್ರಲ್ಲ, ಅವನು ಏನಂದ?"

"ನಿಂತಿದ್ರೆ ಒಳಗೆ ಕಸ ಕಟ್ಕೊಂಡಿದೆ, ಪೈಪು ಬಿಚ್ಚಬೇಕು ಅಂದ."

ಟಪಾಲಮ್ಮ ಎದ್ದು ಕಿಟಕಿಯ ಬಳಿ ಹೋದರು. ಎದುರು ಮಹಡಿಯ ಹೆಂಗಸು ಅದೇ ಹೊದಿಕೆ ಕೊಡವುತ್ತಿದ್ದಳು. ಆ ಕುರ್ಚಿಯ ಬೆನ್ನಿಗೆ ಕೈಯಿಟ್ಟು, ಅವರು ಹತ್ತು ದಿನದಿಂದ ಕೇಳುತ್ತಿದ್ದ ಪ್ರಶ್ನೆಯನ್ನೇ ಮತ್ತೆ ಕೇಳಿದರು.

"ಅಲ್ಲಿ ಏನು ನಡೀತಿದೆ ಹೇಳಿ. ನೀರು ಬಿಡಿ. ಯಾರ ಬಗ್ಗೆ ಈ ಮಾತು?"

"ಒಬ್ಬ ಮನುಷ್ಯ. ಮಾತು ಕಡಿಮೆ. ತನಗೇನು ಗೊತ್ತಿದೆ ಅಂತ ತೋರಿಸಿಕೊಳ್ಳಲ್ಲ. ಆದ್ರೆ ಒಳಗೆ ಬೇಕಾದಷ್ಟು ತಿಳಿವಳಿಕೆ..."

"ಅಯ್ಯೋ! ತುಂಬಿದ ಕೊಡ ತುಳುಕಲ್ಲ."

ಡಾಕ್ಟ್ರು ಮೇಜಿಗೆ ಎಷ್ಟು ಜೋರಾಗಿ ಹೊಡೆದರೆಂದರೆ ಕೆಳಗಿನಿಂದ ಬೀಗದಂಗಡಿಯವನು ಏನು ಬಿತ್ತೆಂದು ಕೂಗಿದ. "ಓಟವೂ ಇಲ್ಲ, ನಿಂತ ನೀರೂ ಇಲ್ಲ," ಎಂದು ಡಾಕ್ಟ್ರು ಎಡಮೂಲೆಯಲ್ಲಿ ಬರೆದರು. "ನೂರಾ ನಲವತ್ತೆಂಟೂ ಖಾಲಿ, ಟಪಾಲಮ್ಮಾ!"

ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ಪೆಟ್ಟಿಗೆ ಮೇಷ್ಟ್ರ ಮೇಜು ಸೇರಿತು. ಅವರು ಊಟ ಬಿಟ್ಟು ಓದಲು ಕೂತರು. ಒಂದೊಂದು ಚೀಟಿಗೂ ತಲೆಯಾಡಿಸಿದರು. ಎರಡು ಕಡೆ ಕಾಗುಣಿತ ತಿದ್ದಿದರು. ಅವರು ಓದಿ ಮುಗಿಸಿದವನ್ನು ಡಾಕ್ಟ್ರು ಕಂಪ್ಯೂಟರಿಗೆ ಹೊಡೆಯುತ್ತಾ ಹೋದರು. ಮೂರು ಗಂಟೆ ದಾಟಿದ ಮೇಲೆ ಮೇಷ್ಟ್ರು ಕೊನೆಯ ಚೀಟಿಯನ್ನು, ಕೊನೆಗೂ ಅದರ ಸರಿಯಾದ ಕಡೆಯಲ್ಲಿ ತಾರೀಕು ಬರೆಯಲೆಂದು, ಮಗುಚಿದರು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಓರೆಯಾಗಿ ಮೇಜಿನ ಮೇಲೆ ಬೀಳುತ್ತಿತ್ತು. ಚೀಟಿಯ ಹಿಂಭಾಗದಲ್ಲಿ, ಮೂಲೆಯ ಹತ್ತಿರ, ಸಣ್ಣ ಉಬ್ಬು ಕಂಡಿತು. ಮೇಷ್ಟ್ರದು ಒತ್ತಿ ಬರೆಯುವ ಕೈ. ಇಪ್ಪತ್ತೈದು ವರ್ಷದ ಹಿಂದೆ ಗಟ್ಟಿ ಪೆನ್ಸಿಲಿನಲ್ಲಿ ಒತ್ತಿ ಬರೆದದ್ದು ಹಿಂದಕ್ಕೆ ಮೂಡಿಕೊಂಡಿತ್ತು. ಅವರು ಮೆದು ಪೆನ್ಸಿಲು ತೆಗೆದು ಅದರ ಮೇಲೆ ನವಿರಾಗಿ ತಿಕ್ಕಿದರು. ಅಕ್ಷರಗಳು ಎದ್ದುಬಂದವು, ತಿರುಗುಮುರುಗಾಗಿ.

ಮೂವರೂ ನೋಡಿದರು. ಮೊದಲು ಬಾಯಿಬಿಟ್ಟದ್ದು ಡಾಕ್ಟ್ರು.

"ಹಿಂದೇನೇ ಇತ್ತಾ? ಹನ್ನೆರಡು ದಿನ! ಆಸ್ಪತ್ರೆ, ಲಾಂಡ್ರಿ, ಏಣಿ ಕೆಳಗೆ... ಒಂದು ಮಧ್ಯಾಹ್ನ ಕೂತು ತಿಕ್ಕಿದ್ರೆ ಮುಗೀತಿತ್ತು!"

ಟಪಾಲಮ್ಮನಿಗೆ, ಊರೆಲ್ಲ ಸುತ್ತಿ ಕಾಗದ ತಲುಪಿಸಿದ ಮೇಲೆ, ಮೂಲ ವಿಳಾಸ ಲಕೋಟೆಯ ಹಿಂದೆಯೇ ಇತ್ತು ಎಂದು ತಿಳಿದ ಹಾಗಾಯಿತು.

ಡಾಕ್ಟ್ರು ತಮ್ಮ ಚೀಲದಿಂದ ಕೈಗನ್ನಡಿ ತೆಗೆದು ಚೀಟಿಯ ಮುಂದೆ ಹಿಡಿದರು. ಕನ್ನಡಿಯಲ್ಲಿ ಅಕ್ಷರ ನೇರವಾದವು. ತುಂಬಿದ ಕೊಡದ ಚೀಟಿಯ ಹಿಂದೆ ಬರೆದಿತ್ತು: 'ಓಡು?'

ಇನ್ನೊಂದನ್ನು ತಿಕ್ಕಿದರು. ಬಟ್ಟೆಯ ಬಣ್ಣ: 'ಓಡು.' ಚುನಾವಣೆ: 'ಓಡು?' ವಂಶದಲ್ಲಿ ಬಂದ ಗುಣ: 'ಓಡು??' ಮೇಷ್ಟ್ರು ಕಟ್ಟಿನಿಂದ ಇಪ್ಪತ್ತು ಚೀಟಿ ಎಣಿಸಿ ತಿಕ್ಕಿದರು. ಹದಿನೇಳರಲ್ಲಿ 'ಓಡು,' ಎರಡರಲ್ಲಿ 'ನಡೆ.' ಉಳಿದ ಒಂದು, ಮೂಗಿನದು. ಅದರಲ್ಲಿ ಅಕ್ಷರವೇ ಇರಲಿಲ್ಲ. ಬರೀ ಪ್ರಶ್ನಾರ್ಥಕ ಚಿಹ್ನೆ.

ಮೇಷ್ಟ್ರ ಕಿವಿ ಕೆಂಪಾದವು. ಆಮೇಲೆ ಅವರ ಭುಜ ಅಲುಗಿತು. ಅವರು ನಗುತ್ತಿದ್ದಾರೆಂದು ಗೊತ್ತಾಗಲು ಉಳಿದಿಬ್ಬರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೆಮ್ಮು ಬರುವ ತನಕ ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಏಳು ತಿಂಗಳು ದುಡಿದೆ, ಏಳು ತಿಂಗಳು ದುಡಿದೆ ಅಂತ ಇಪ್ಪತ್ತೈದು ವರ್ಷ ಹೇಳ್ಕೊಂಡು ಬಂದೆನಲ್ಲ! ಏಳು ತಿಂಗಳು ಏನ್ ಮಾಡ್ತಿದ್ದೆ ನಾನು?"

"ಓಡ್ತಿದ್ರಿ ಮೇಷ್ಟ್ರೇ," ಅಂದರು ಟಪಾಲಮ್ಮ.

ಡಾಕ್ಟ್ರು ಹಲ್ಲು ಮುಚ್ಚಿಕೊಳ್ಳುವುದನ್ನು ಮರೆತು ನಕ್ಕರು. ನಗುವಿನ ಸದ್ದಿಗೆ ಬೀಗದಂಗಡಿಯವನು ಕುಂಟುವುದನ್ನೂ ಮರೆತು ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ. ಬಂದ ಮೇಲೆ ನೆನಪಾಗಿ ಮೊಣಕಾಲು ಹಿಡಿದುಕೊಂಡ.

ನಾಲ್ಕಕ್ಕೆ ಸರಿಯಾಗಿ ಅಚ್ಚುಕೂಟದವರು ಬಂದರು. ಡಾಕ್ಟ್ರು ಕೊನೆಯ ಸಾಲು ಹೊಡೆದು ಮುಗಿಸಿ ಆರು ನಿಮಿಷವಾಗಿತ್ತು. ರನ್ ಎಂಬ ಪದಕ್ಕೆ ಒಂಬತ್ತು ಪುಟ. ಪುಟದ ಮೇಲೆ ಪಾರಿಭಾಷಿಕ ತಲೆಬರಹಗಳಿರಲಿಲ್ಲ. ನೀರಿನದು, ಯಂತ್ರದ್ದು, ಬಟ್ಟೆಯದು, ಮನೆತನದ್ದು ಎಂದು ಟಪಾಲಮ್ಮನ ಗೂಡುಗಳ ಕ್ರಮದಲ್ಲೇ ಅರ್ಥಗಳು ಕೂತಿದ್ದವು. ಆ ಕ್ರಮ ಬೇಡವೆಂದು ಮೇಷ್ಟ್ರೂ ಹೇಳಲಿಲ್ಲ, ಡಾಕ್ಟ್ರೂ ಹೇಳಲಿಲ್ಲ.

ಅಚ್ಚುಕೂಟದವರು ಹೋದ ಮೇಲೆ ಟಪಾಲಮ್ಮ ತಮ್ಮ ಕುರ್ಚಿಯ ಮೇಲಿದ್ದ ಚೀಲ ತೆಗೆದುಕೊಂಡರು. ಹೋಗಿಬರುತ್ತೇನೆ ಅನ್ನಬೇಕೋ, ಹೋಗುತ್ತೇನೆ ಅನ್ನಬೇಕೋ ತಿಳಿಯದೆ ಬಾಗಿಲಲ್ಲಿ ನಿಂತರು.

"ಸೋಮವಾರ ಹತ್ತಕ್ಕೇ ಬನ್ನಿ," ಅಂದರು ಮೇಷ್ಟ್ರು, ತಲೆಯೆತ್ತದೆ. "ಎಸ್ ಅಕ್ಷರ ಶುರು ಮಾಡ್ಬೇಕು."

"ಬೂಟು ಹಾಕ್ಕೊಂಡು ಬನ್ನಿ," ಅಂದರು ಡಾಕ್ಟ್ರು.

"ಮತ್ತೆ ಆ ತಾರೀಕಿನ ಮೊಹರು..." ಎಂದು ಟಪಾಲಮ್ಮ ಕೇಳಿದರು.

"ಅದು ನನ್ನ ಡ್ರಾಯರಲ್ಲಿರತ್ತೆ," ಅಂದರು ಮೇಷ್ಟ್ರು.

ಮೊಹರಿನ ಡ್ರಾಯರಿಗೆ ಬೀಗದಂಗಡಿಯವನು ಅಂದೇ ಸಂಜೆ ಹೊಸ ಬೀಗ ಹಾಕಿಕೊಟ್ಟ. ಎಸ್ ಅಕ್ಷರದಲ್ಲಿ 'ಸೆಟ್' ಎಂಬ ಒಂದು ಕ್ರಿಯಾಪದಕ್ಕೇ ಆರುನೂರ ಮೂವತ್ತು ಚೀಟಿಗಳಿವೆ. ನಲವತ್ತೆಂಟು ಗೂಡು ಸಾಲದಾದ್ದರಿಂದ, ಅದೇ ಹೋಟೆಲಿನ ಎರಡನೇ ಮಹಡಿಯ ಕೀಲಿಕೈ ಗೂಡು ಸೋಮವಾರ ಬೆಳಿಗ್ಗೆ ಮೇಲೆ ಬರುತ್ತದೆ.